ದೋಷನಿರ್ಣಯದ ಧರ್ಮ

ಒಂದು ವಸ್ತು ಕೆಟ್ಟಿದೆಯೆಂದು ತಿಳಿಯುವದು ಸುಲಭ. ಏಕೆ ಕೆಟ್ಟಿತೆಂದು ತಿಳಿಯುವದು ಕಷ್ಟ. ಯಾರಿಂದ ಕೆಟ್ಟಿತೆಂದು ಹೇಳಿಬಿಡುವದಂತೂ ಎಲ್ಲಕ್ಕಿಂತ ಸುಲಭ. ಕಪಾಟಿನ ಬೀಗದ ಕೈ ಕಾಣದಾದರೆ, ಲೆಕ್ಕದಲ್ಲಿ ನೂರು ರೂಪಾಯಿ ಕಡಿಮೆ ಬಿದ್ದರೆ, ಮಗನು ಪರೀಕ್ಷೆಯಲ್ಲಿ ಅನುತ್ತೀರ್ಣನಾದರೆ, ಕಾರಣವು ಬುದ್ಧಿಗೆ ಹೊಳೆಯುವ ಮೊದಲೇ ಒಂದು ಹೆಸರು ನಾಲಗೆಯ ಮೇಲೆ ಬಂದು ನಿಂತಿರುವದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯು ಈ ಅವಸರವನ್ನು ಕಂಡೇ ಹುಟ್ಟಿರಬೇಕು. ಹಾಗಾದರೆ ಎಷ್ಟು ಪ್ರಮಾಣ ದೊರೆತ ಮೇಲೆ ಒಬ್ಬನಿಗೆ ಇನ್ನೊಬ್ಬನ ಮೇಲೆ ದೋಷ ಹೊರಿಸುವ ಅಧಿಕಾರ ಬರುವದು? ಇದು ತರ್ಕದ ಪ್ರಶ್ನೆಯಾದಷ್ಟೇ ಧರ್ಮದ ಪ್ರಶ್ನೆಯೂ ಆಗಿದೆ.

ಇಂಥ ಪ್ರಶ್ನೆಯನ್ನು ಮನುಷ್ಯರ ನಡುವೆ ನೇರವಾಗಿ ವಿಚಾರಿಸಹೋದರೆ ಸ್ನೇಹ ದ್ವೇಷಗಳು ಕಣ್ಣಿಗೆ ಅಡ್ಡ ಬರುವವು. ಆದ್ದರಿಂದ ಮೊದಲು ಜಡವಸ್ತುವೊಂದರಲ್ಲಿ ಅದನ್ನು ಪರೀಕ್ಷಿಸುವದು ಲೇಸು. ಮನೆಯ ಮುಂದೆ ನಿಂತ ಮೋಟಾರು ಕಾರಿನ ಇಂಜಿನ್ನು ಈ ಕೆಲಸಕ್ಕೆ ತಕ್ಕ ದೃಷ್ಟಾಂತ. ಅದಕ್ಕೆ ಬಂಧುಗಳಿಲ್ಲ, ವೈರಿಗಳಿಲ್ಲ. ಅದು ಸುಳ್ಳು ಹೇಳುವದಿಲ್ಲ, ಸಂಶಯಪಟ್ಟರೆ ಸಿಟ್ಟಾಗುವದೂ ಇಲ್ಲ.

ಪೆಟ್ರೋಲಿನಿಂದ ನಡೆಯುವ ಇಂಜಿನ್ನಿನ ಪ್ರತಿಯೊಂದು ಸಿಲಿಂಡರಿನಲ್ಲಿಯೂ ನಾಲ್ಕು ಕ್ರಿಯೆಗಳು ಸರದಿಯಿಂದ ನಡೆಯುವವು: ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆಯುವದು, ಅದನ್ನು ಒತ್ತುವದು, ಕಿಡಿಯಿಂದ ಉರಿಸುವದು, ಹೊಗೆಯನ್ನು ಹೊರದೂಡುವದು. ಜರ್ಮನಿಯ ನಿಕೊಲಾಸ್ ಆಟೋ ಎಂಬವನು 1876ರಲ್ಲಿ ಈ ಕ್ರಮವನ್ನು ಸಿದ್ಧಿಗೆ ತಂದನು. ಇಂದಿನ ಪೆಟ್ರೋಲ್ ಕಾರುಗಳು ಅದೇ ಕ್ರಮದಲ್ಲಿ ನಡೆಯುತ್ತಿವೆ. ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲಿ 1500 ಸಲ, ಎಂದರೆ ಸೆಕೆಂಡಿಗೆ 25 ಸಲ, ದಹನವಾಗಬೇಕು. ಇವುಗಳಲ್ಲಿ ಕೆಲವು ದಹನಗಳು ತಪ್ಪಿದರೆ ಇಂಜಿನ್ನು ನಡುಗುವದು, ಏರಿನಲ್ಲಿ ಸೊರಗುವದು, ಗಾಡಿ ಮುಗ್ಗರಿಸುವದು. ಇದನ್ನೇ ಗ್ಯಾರೇಜಿನ ಮಿಸ್ತ್ರಿಗಳು ‘ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ’ ಎನ್ನುವರು. ಉರಿಗೆ ಬೇಕಾದವು ನಾಲ್ಕೇ: ಗಾಳಿ, ಪೆಟ್ರೋಲು, ಒತ್ತಡ, ಸರಿಯಾದ ಕ್ಷಣಕ್ಕೆ ಒಂದು ಕಿಡಿ. ದೋಷವೂ ಈ ನಾಲ್ಕರಲ್ಲಿ ಒಂದರಲ್ಲಿರತಕ್ಕದ್ದು. ಆದರೆ ಒಂದೊಂದಕ್ಕೂ ಹತ್ತು ಕವಲುಗಳಿವೆ.

ಕುಷ್ಟಗಿಯಲ್ಲಿ ಒಬ್ಬ ಗೃಹಸ್ಥನಿದ್ದಾನೆಂದು ಭಾವಿಸಬಹುದು. ತರ್ಕಶಾಸ್ತ್ರದ ರೂಢಿಯಂತೆ ಅವನಿಗೆ ದೇವದತ್ತನೆಂದು ಹೆಸರಿರಲಿ. ಅವನ ಬಳಿ ನಾಲ್ಕು ಸಿಲಿಂಡರಿನ, ಯಾರೋ ಬಳಸಿ ಬಿಟ್ಟ ಕಾರೊಂದಿದೆ. ಮಳೆಗಾಲದ ಒಂದು ದಿನ ತಮ್ಮನ ಮಗ ಯಜ್ಞದತ್ತನು ಅದನ್ನು ಗಂಗಾವತಿಗೆ ಒಯ್ದು, ದಾರಿಯಲ್ಲಿ ಪೆಟ್ರೋಲು ಹಾಕಿಸಿಕೊಂಡು, ರಾತ್ರಿ ಮರಳಿ ತಂದನು. ಮರುದಿನ ದೇವದತ್ತನು ಕೊಪ್ಪಳಕ್ಕೆ ಹೊರಟಾಗ, ಇಂಜಿನ್ನು ಕಾದ ಮೇಲೆ ಏರಿನಲ್ಲಿ ಗಾಡಿ ನಡುಗಿತು. ಎದುರಿನ ಫಲಕದಲ್ಲಿ ಇಂಜಿನ್ನಿನ ಚಿತ್ರವುಳ್ಳ ಹಳದಿ ದೀಪ ಹೊತ್ತಿತು. ಮನೆಯಲ್ಲಿ ಕೂಡಲೆ ತೀರ್ಪು ಸಿದ್ಧವಾಯಿತು. ‘ಹುಡುಗನು ನಿನ್ನೆ ಒಯ್ದನು, ಇಂದು ಕೆಟ್ಟಿತು’ ಎಂದು ಒಬ್ಬರು. ‘ಬಂಕಿನವನು ನೀರು ಬೆರೆಸಿದ ಪೆಟ್ರೋಲು ಹಾಕಿದ್ದಾನೆ’ ಎಂದು ಇನ್ನೊಬ್ಬರು. ‘ಹೋದ ತಿಂಗಳು ಆಯಿಲು ಬದಲಿಸಿದ ಮಿಸ್ತ್ರಿಯದೇ ಕೈವಾಡ’ ಎಂದು ಮತ್ತೊಬ್ಬರು. ಹೀಗೆ ಮುಚ್ಚಳ ತೆರೆಯುವ ಮೊದಲೇ ಮೂವರು ಅಪರಾಧಿಗಳು ದೊರೆತರು.

ಈ ಮೂರು ಮಾತುಗಳಿಗೂ ಆಧಾರ ಒಂದೇ: ಅದು ಮೊದಲು ನಡೆಯಿತು, ಇದು ಆಮೇಲೆ ನಡೆಯಿತು. ಹಿರಿಯರು ಇದನ್ನು ಕಾಕತಾಲೀಯವೆಂದು ಕರೆದರು. ಕಾಗೆ ಬಂದು ಕುಳಿತಾಗ ತಾಳೆಯ ಹಣ್ಣು ಬಿದ್ದರೆ, ಕಾಗೆಯೇ ಬೀಳಿಸಿತೆನ್ನಲಾಗದು. ಹಣ್ಣು ಮಾಗಿ ತೊಟ್ಟು ಕಳಚುವ ವೇಳೆಯೇ ಅದಾಗಿರಬಹುದು. ಪೌರ್ವಾಪರ್ಯವು ಸಂಶಯಕ್ಕೆ ಕಾರಣವಾಗಬಹುದು, ನಿರ್ಣಯಕ್ಕೆ ಕಾರಣವಾಗಲಾರದು. ಸಂಶಯವು ಪರೀಕ್ಷೆಯ ಬಾಗಿಲು. ಬಾಗಿಲಲ್ಲಿ ನಿಂತವನು ಮನೆಯೊಳಗೆ ಎಲ್ಲವನ್ನೂ ಕಂಡೆನೆನ್ನಬಾರದು.

ದೇವದತ್ತನ ಗೆಳೆಯನೊಬ್ಬನು ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ಚಿಕ್ಕ ಸ್ಕ್ಯಾನರೊಂದನ್ನು ಜೋಡಿಸಿ, ಮೊಬೈಲಿನಲ್ಲಿ ‘ಪಿ0302’ ಎಂಬ ಸಂಕೇತವನ್ನು ಓದಿ ತೋರಿಸಿದನು. ಎರಡನೆಯ ಸಿಲಿಂಡರಿನಲ್ಲಿ ದಹನ ತಪ್ಪುತ್ತಿದೆಯೆಂದು ಅದರ ಅರ್ಥ. ಒಂದೊಂದು ದಹನದಿಂದಲೂ ಇಂಜಿನ್ನಿನ ದಂಡಕ್ಕೆ ಒಂದು ನೂಕು ದೊರೆಯುವದು. ಯಾವ ಸಿಲಿಂಡರಿನ ಸರದಿಯಲ್ಲಿ ದಂಡದ ವೇಗ ಕುಗ್ಗುವದೋ ಅದನ್ನು ಗಾಡಿಯ ಕಂಪ್ಯೂಟರು ಲೆಕ್ಕ ಹಾಕಿ ಹೇಳುವದು. ಇದನ್ನು ಕಂಡವರು ಬಹುಮಟ್ಟಿಗೆ ‘ಎರಡನೆಯ ಪ್ಲಗ್ಗು ಕೆಟ್ಟಿದೆ’ ಎಂದುಬಿಡುವರು. ಯಂತ್ರವು ಹಾಗೆ ಹೇಳಿಯೇ ಇಲ್ಲ. ಅದು ಹೇಳಿದ್ದು ಸ್ಥಾನವನ್ನು, ಕಾರಣವನ್ನಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬದು ವ್ಯಾಪ್ತಿ. ಆದರೆ ದಹನ ತಪ್ಪಿದಲ್ಲೆಲ್ಲ ಪ್ಲಗ್ಗು ಕೆಟ್ಟಿರುವದೆಂಬ ವ್ಯಾಪ್ತಿ ಎಲ್ಲಿಯೂ ಇಲ್ಲ. ಕಾಯಿಲು, ಇಂಜೆಕ್ಟರು, ವಾಲ್ವು, ತಂತಿ, ಇವುಗಳಲ್ಲಿ ಯಾವದು ಕೆಟ್ಟರೂ ಅದೇ ಚಿಹ್ನೆ ಮೂಡುವದು. ಇಂಥ ಹೇತುವನ್ನೇ ಗೌತಮನ ನ್ಯಾಯಸೂತ್ರವು ಸವ್ಯಭಿಚಾರವೆಂದು ಹೆಸರಿಸಿ, ಐದು ಹೇತ್ವಾಭಾಸಗಳಲ್ಲಿ ಮೊದಲನೆಯದಾಗಿ ಎಣಿಸಿದೆ.

ಕಾರ್ಯದಿಂದ ಕಾರಣವನ್ನು ಊಹಿಸುವ ಅನುಮಾನಕ್ಕೆ ಶೇಷವತ್ ಎಂದು ಶಾಸ್ತ್ರದ ಹೆಸರು. ತುಂಬಿ ಹರಿಯುವ ನದಿಯನ್ನು ಕಂಡು ಮೇಲೆ ಮಳೆಯಾಗಿದೆಯೆಂದು ತಿಳಿಯುವದು ಭಾಷ್ಯಕಾರನಾದ ವಾತ್ಸ್ಯಾಯನನು ಕೊಟ್ಟ ಉದಾಹರಣೆ. ತುಂಗಭದ್ರೆಯ ದಂಡೆಯವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಹೊಳೆ ಕೆಂಪಾಗಿ ಏರಿದರೆ ಮಲೆನಾಡಿನಲ್ಲಿ ಮಳೆಯೆಂದು ಮಕ್ಕಳೂ ಬಲ್ಲರು. ಆದರೆ ಅದೇ ಸೂತ್ರಗ್ರಂಥದ ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷಿಯು ಎದ್ದು, ಕಟ್ಟೆಯ ತಡೆಯಿಂದಲೂ ನದಿ ಏರೀತಲ್ಲವೇ ಎಂದು ಕೇಳುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ಆ ಪ್ರಶ್ನೆಗೆ ಹೊಸ ಅರ್ಥ ಬಂದಿತು. ಆ ಗೇಟು ಹೋದದ್ದರಿಂದಲೂ, ಅದರ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನು ತೆರೆದದ್ದರಿಂದಲೂ ಕೆಳಗೆ ಹೊಳೆ ಏರಿತು. ಏರಿದ ನೀರನ್ನಷ್ಟೇ ಕಂಡು ಮಳೆಯನ್ನು ಊಹಿಸಿದವನು ಆ ದಿನ ತಪ್ಪಿದನು. ಸಿದ್ಧಾಂತಿಯು ಕೊಡುವ ಉತ್ತರವು ಗಮನಾರ್ಹವಾದದ್ದು: ಬರಿಯ ಏರಿಕೆಯನ್ನು ನೋಡಿ ನಿರ್ಣಯಿಸಬೇಡ, ಸೆಳವು, ನೊರೆ, ತೇಲಿಬರುವ ಎಲೆ ಕಟ್ಟಿಗೆಗಳು, ಇವೆಲ್ಲವನ್ನೂ ನೋಡು, ಮಳೆಯ ಹೊಳೆಗೆ ಬೇರೆಯೇ ಲಕ್ಷಣವಿದೆ. ದೋಷ ಅನುಮಾನದ್ದಲ್ಲ, ಅರ್ಧ ನೋಡಿದವನದು.

ಆದಕಾರಣ ದೇವದತ್ತನ ಮೊದಲ ಕರ್ತವ್ಯವು ಪೂರ್ತಿಯಾಗಿ ನೋಡುವದು. ಆಯುರ್ವೇದದಲ್ಲಿ ರೋಗವನ್ನು ತಿಳಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಸಾಧನಗಳನ್ನು ಹೇಳಿದೆ. ಗಾಡಿಯ ರೋಗಕ್ಕೂ ಇವು ಒಪ್ಪುವವು. ನಡುಕವು ತಣ್ಣಗಿರುವಾಗಲೋ ಕಾದ ಮೇಲೋ? ನಿಂತಲ್ಲಿಯೇ ನಡುಗಿ ವೇಗದಲ್ಲಿ ಸರಿಹೋಗುವದಾದರೆ, ಎಲ್ಲಿಂದಲೋ ಹೆಚ್ಚಿನ ಗಾಳಿ ಒಳನುಗ್ಗುತ್ತಿರಬಹುದು. ಏರಿನಲ್ಲಿ, ಹೊರೆ ಬಿದ್ದಾಗ ಮಾತ್ರ ನಡುಗುವದಾದರೆ ಕಿಡಿಯ ಮೇಲೆ ಸಂಶಯ ಬಲಿಯುವದು. ಏಕೆಂದರೆ ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚಿನ ವೋಲ್ಟೇಜು ಬೇಕಾಗುವದು, ಬಲಗುಂದಿದ ಕಾಯಿಲು ಆಗಲೇ ಸೋಲುವದು. ಮಳೆಯ ದಿನ ಅಥವಾ ಗಾಡಿ ತೊಳೆದ ದಿನ ಮಾತ್ರ ನಡುಗುವದಾದರೆ ಪ್ಲಗ್ಗಿನ ಕುಳಿಯಲ್ಲಿ ನೀರು ನಿಂತಿರಬಹುದು. ಬೆಂಕಿಯಿಂದ ಹೊಗೆ ಏಳುವದಕ್ಕೆ ಹಸಿ ಕಟ್ಟಿಗೆಯ ಸಂಯೋಗವು ಉಪಾಧಿಯೆಂದು ತಾರ್ಕಿಕರು ಹೇಳುವರಷ್ಟೆ. ಇಲ್ಲಿಯೂ ತೇವವು ಉಪಾಧಿಯೋ ಅಲ್ಲವೋ ಎಂಬದನ್ನು ಒಣ ದಿನವೊಂದು ಹೇಳಿಬಿಡುವದು. ದೇವದತ್ತನ ಗಾಡಿ ಒಣ ದಿನದಲ್ಲಿಯೂ ನಡುಗಿತು. ಅಲ್ಲಿಗೆ ಮಳೆಯು ಬಿಡುಗಡೆ ಹೊಂದಿತು.

ಬಳಿಕ ಕಣ್ಣಿನ ಕೆಲಸ. ಇಂಜಿನ್ನು ಆರಿಸಿ, ತಣ್ಣಗಾದ ಮೇಲೆ ಮುಚ್ಚಳ ತೆರೆದು, ತಂತಿಗಳನ್ನು ಒಂದೊಂದಾಗಿ ನೋಡಬೇಕು. ಗಂಗಾವತಿಯಂಥ ಭತ್ತದ ಸೀಮೆಯಲ್ಲಿ ಇಲಿಗಳು ಇಂಜಿನ್ನಿನ ಬೆಚ್ಚಗಿನ ಸಂದಿಗಳಲ್ಲಿ ಸೇರಿ ತಂತಿ ಕಡಿಯುವದು ಹೊಸ ಮಾತಲ್ಲ. ಪ್ಲಗ್ಗುಗಳನ್ನು ಬಿಚ್ಚಿದರೆ ಅವುಗಳ ಮುಖವೇ ಒಳಗಿನ ಸಮಾಚಾರ ಹೇಳುವದು: ತಿಳಿ ಕಂದು ಬಣ್ಣ ಆರೋಗ್ಯದ ಗುರುತು, ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಎಣ್ಣೆಯ ಜಿಡ್ಡು ಇದ್ದರೆ ಆಯಿಲು ಒಳಸೇರುತ್ತಿದೆ, ಬೆಳ್ಳಗೆ ಸುಟ್ಟಂತಿದ್ದರೆ ಕಾವು ಹೆಚ್ಚು, ಮಿಶ್ರಣ ಬಡವು.

ಇಲ್ಲಿ ಒಂದು ಚಿಕ್ಕ ನಿಯಮವು ಬಹಳ ಜನರನ್ನು ಅಪವಾದದಿಂದ ಪಾರುಮಾಡುವದು: ಎಲ್ಲರಿಗೂ ಸಮಾನವಾದ ಕಾರಣವು ಒಬ್ಬನಲ್ಲಿ ಮಾತ್ರ ತೋರುವ ದೋಷಕ್ಕೆ ಸಾಕಾಗದು. ಪೆಟ್ರೋಲಿನಲ್ಲಿ ನೀರಿದ್ದರೆ ನಾಲ್ಕೂ ಸಿಲಿಂಡರುಗಳು ಬಾಧೆಪಡತಕ್ಕವು. ಯಲಬುರ್ಗಿಯ ಹೊಲದ ದಾರಿಯ ಧೂಳು ಏರ್ ಫಿಲ್ಟರನ್ನು ಕಟ್ಟಿದ್ದರೆ ನಾಲ್ಕೂ ಉಸಿರುಗಟ್ಟತಕ್ಕವು. ಆಗ ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿ ಗೊತ್ತುಗುರಿಯಿಲ್ಲದೆ ದಹನ ತಪ್ಪುತ್ತಿದೆ ಎಂಬರ್ಥದ ‘ಪಿ0300’ ಸಂಕೇತವು ಬಹುಶಃ ಮೂಡುತ್ತಿತ್ತು. ಭಾರತದಲ್ಲಿ 2025ರ ಹೊತ್ತಿಗೆ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲು ಬೆರೆಯುವದು ರೂಢಿಯಾಗಿದೆ. ಎಥನಾಲು ನೀರನ್ನು ಎಳೆದುಕೊಳ್ಳುವ ಸ್ವಭಾವದ್ದಾದ್ದರಿಂದ ಬಂಕಿನ ಮೇಲಿನ ಸಂಶಯವು ಆಧಾರವಿಲ್ಲದ್ದೆನ್ನಲಾಗದು. ಆದರೂ ಒಂದೇ ಟ್ಯಾಂಕಿನ ಪೆಟ್ರೋಲನ್ನು ಕುಡಿದ ಮೂರು ಸಿಲಿಂಡರುಗಳು ಆರೋಗ್ಯವಾಗಿರುವಾಗ ಎರಡನೆಯದರ ದೋಷವನ್ನು ಬಂಕಿನವನ ಮೇಲೆ ಹೊರಿಸುವದು ನ್ಯಾಯವಲ್ಲ.

ಉಳಿದದ್ದು ಎರಡನೆಯದಕ್ಕೇ ಸೇರಿದ ಕಾಯಿಲು, ಪ್ಲಗ್ಗು, ಇಂಜೆಕ್ಟರು, ವಾಲ್ವು ಮತ್ತು ರಿಂಗುಗಳು. ಶೇಷವತ್ ಎಂಬ ಪದಕ್ಕೆ ವಾತ್ಸ್ಯಾಯನನು ಹೇಳುವ ಇನ್ನೊಂದು ಅರ್ಥವೂ ಇಲ್ಲಿ ಫಲಿಸುವದು: ಸಂಭವವಿದ್ದವುಗಳನ್ನು ಒಂದೊಂದಾಗಿ ನಿರಾಕರಿಸಿ, ಉಳಿದದ್ದನ್ನು ಗ್ರಹಿಸುವದು. ಅದಕ್ಕೆ ಮಿಸ್ತ್ರಿಗಳು ಬಳಸುವ ಉಪಾಯವು ಅತಿ ಸರಳ, ಅತಿ ಗಹನ. ಎರಡನೆಯ ಸಿಲಿಂಡರಿನ ಕಾಯಿಲನ್ನು ತೆಗೆದು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕುವದು. ಹಳೆಯ ಸಂಕೇತವನ್ನು ಅಳಿಸಿ, ಮೊದಲಿನಂತೆಯೇ ಕಾಯಿಸಿ ಏರಿನಲ್ಲಿ ನಡೆಸುವದು. ದೋಷವು ಕಾಯಿಲಿನ ಬೆನ್ನು ಹತ್ತಿ ಮೂರನೆಯದಕ್ಕೆ ಹೋದರೆ ಕಾಯಿಲೇ ದುಷ್ಟ. ಎರಡನೆಯದರಲ್ಲಿಯೇ ಉಳಿದರೆ ಕಾಯಿಲು ನಿರ್ದೋಷಿ, ಸ್ಥಾನದಲ್ಲಿ ಬೇರೇನೋ ಇದೆ. ಆಗ ಪ್ಲಗ್ಗನ್ನು ಹಾಗೆಯೇ ಅದಲುಬದಲು ಮಾಡುವದು, ಆಮೇಲೆ ಇಂಜೆಕ್ಟರನ್ನು. ಒಂದು ಸಲಕ್ಕೆ ಒಂದೇ ಬದಲಾವಣೆ. ಅವಸರದಿಂದ ಮೂರನ್ನೂ ಹೊಸದಾಗಿ ಹಾಕಿದವನ ಗಾಡಿ ಸರಿಹೋಗಬಹುದು. ಆದರೆ ಯಾವದು ಕೆಟ್ಟಿತ್ತೆಂದು ಅವನು ಎಂದಿಗೂ ಅರಿಯನು. ರೋಗ ಹೋಯಿತು, ಜ್ಞಾನ ಬರಲಿಲ್ಲ.

ಇದು ಅನ್ವಯ ವ್ಯತಿರೇಕಗಳ ಪ್ರಯೋಗವೇ ಸರಿ. 1983ರ ಡಿಸೆಂಬರಿನಲ್ಲಿ ಬೀದಿಗಿಳಿದು 2014ರವರೆಗೆ ತಯಾರಾದ ಮಾರುತಿ 800ರ ಹಳೆಯ ಗಾಡಿಗಳಲ್ಲಿ ಮಿಸ್ತ್ರಿಯು ಇಂಜಿನ್ನು ನಡೆಯುತ್ತಿರುವಾಗಲೇ ಮೂರು ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚಿ ನೋಡುತ್ತಿದ್ದನು. ಯಾವದನ್ನು ಕಳಚಿದರೆ ಇಂಜಿನ್ನು ಇನ್ನಷ್ಟು ಸೊರಗುವದೋ ಅದು ದುಡಿಯುತ್ತಿದ್ದದ್ದು. ಯಾವದನ್ನು ಕಳಚಿದರೂ ವ್ಯತ್ಯಾಸ ತೋರದೋ ಅದು ಮೊದಲೇ ಸತ್ತದ್ದು. ಸಾವಿರಾರು ವೋಲ್ಟುಗಳ ಆ ತಂತಿಯನ್ನು ಮುಟ್ಟುವದು ಅಪಾಯಕರ. ಹೊಸ ಗಾಡಿಗಳಲ್ಲಂತೂ ಉರಿಯದ ಪೆಟ್ರೋಲು ಹೊಗೆಯ ದಾರಿಯಲ್ಲಿರುವ ಶೋಧಕವನ್ನು ಸುಡುವದರಿಂದ ಈ ಪ್ರಯೋಗ ಸಲ್ಲದು. ಮುಚ್ಚಿದ ಕೋಣೆಯಲ್ಲಿ ಇಂಜಿನ್ನು ನಡೆಸಿದರೆ ವಾಸನೆಯಿಲ್ಲದ ವಿಷವಾಯು ಪ್ರಾಣಕ್ಕೆ ಎರವಾಗುವದೆಂಬದನ್ನೂ ಮರೆಯಬಾರದು. ಪರೀಕ್ಷಕನ ಅವಿವೇಕವೂ ಒಂದು ದೋಷವೇ.

ದೇವದತ್ತನು ಕಾಯಿಲನ್ನು ಬದಲಿಸಿದನು. ಸಂಕೇತವು ‘ಪಿ0303’ ಎಂದು ತಿರುಗಿತು. ದೋಷವು ಕಾಯಿಲಿನೊಡನೆ ನಡೆದಿತ್ತು. ವರ್ಷಗಟ್ಟಲೆ ಕಾವು ತಿಂದು ಅದರ ಮೈಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದ್ದಿತು. ಹುಡುಗನು ಒಯ್ಯದಿದ್ದರೂ ಅದು ಇಂದಲ್ಲ ನಾಳೆ ಸೋಲತಕ್ಕದ್ದೇ. ಒಂದು ವೇಳೆ ಅದಲುಬದಲಿನಿಂದ ಏನೂ ತಿಳಿಯದೆ ಹೋಗಿದ್ದರೆ, ಸಿಲಿಂಡರಿನ ಒತ್ತಡ ಅಳೆಯುವ ಕೆಲಸ ಉಳಿಯುತ್ತಿತ್ತು. ಅಲ್ಲಿ ಮನೆಯ ವಿದ್ಯೆ ನಿಲ್ಲಿಸಿ ಗ್ಯಾರೇಜಿಗೆ ಹೋಗುವದೇ ವಿವೇಕ. ಆಗಲೂ ಅವನು ‘ಇದನ್ನು ಬದಲಿಸು’ ಎಂಬ ಅಪ್ಪಣೆಯನ್ನು ಒಯ್ಯದೆ ‘ಇದನ್ನಿದನ್ನು ನೋಡಿದೆ, ಹೀಗೆ ಕಂಡಿತು’ ಎಂಬ ಸಾಕ್ಷ್ಯವನ್ನು ಒಯ್ಯುವನು. ಮಿಸ್ತ್ರಿಗೆ ಅಂಥ ಗಿರಾಕಿಯಿಂದ ಸಹಾಯವೇ ಹೊರತು ತೊಂದರೆಯಿಲ್ಲ.

ಈಗ ಇಂಜಿನ್ನನ್ನು ಬಿಟ್ಟು ಮನುಷ್ಯರ ಕಡೆಗೆ ತಿರುಗಬಹುದು. ಗಂಗಾವತಿಯ ಕಡೆ ಎಡದಂಡೆಯ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಭತ್ತ ತೂಗಾಡುವದು. ಯಲಬುರ್ಗಿ, ಕುಷ್ಟಗಿಯ ಕಡೆ ಮಳೆಯನ್ನೇ ನಂಬಿದ ಹೊಲಗಳಲ್ಲಿ ಎಷ್ಟೋ ವರ್ಷ ಬಿತ್ತಿದ ಬೀಜವೂ ಕೈಗೆ ಹತ್ತದು. ಇದನ್ನು ಕಂಡವರಲ್ಲಿ ಕೆಲವರು, ಅಲ್ಲಿಯವರು ಉದ್ಯೋಗಶೀಲರು, ಇಲ್ಲಿಯವರು ಸೋಮಾರಿಗಳು ಎಂದುಬಿಡುವರು. ಆದರೆ ಯಾರಾದರೂ ಕಾಯಿಲನ್ನು ಬದಲಿಸಿ ನೋಡಿದರೇ? ಗಂಗಾವತಿಯ ಒಕ್ಕಲಿಗನನ್ನು ಯಲಬುರ್ಗಿಯ ಹೊಲದಲ್ಲಿಯೂ, ಯಲಬುರ್ಗಿಯವನನ್ನು ಕಾಲುವೆಯ ಬಾಯಲ್ಲಿಯೂ ಮನಸ್ಸಿನಲ್ಲಾದರೂ ನಿಲ್ಲಿಸಬೇಕು. ಬಡತನವು ಮನುಷ್ಯನ ಬೆನ್ನು ಹತ್ತಿ ಹೋಗುವದೋ, ನೀರಿಲ್ಲದ ನೆಲದಲ್ಲಿಯೇ ಉಳಿಯುವದೋ? ಮಳೆ ತಪ್ಪಿದ ವರ್ಷ ಇಲ್ಲಿಂದ ದುಡಿಯಹೋದವರು ಪರಸ್ಥಳದಲ್ಲಿ ಹೊತ್ತು ಹುಟ್ಟುವ ಮೊದಲೇ ಎದ್ದು ಗೇಯುವದನ್ನು ಕಂಡವರಿಗೆ ಉತ್ತರ ತಾನಾಗಿ ತಿಳಿಯುವದು. ಸ್ಥಾನದ ದೋಷವನ್ನು ವ್ಯಕ್ತಿಯ ಮೇಲೆ ಹೊರಿಸುವದೇ ಲೋಕದಲ್ಲಿಯ ಅನ್ಯಾಯಗಳಲ್ಲಿ ದೊಡ್ಡ ಪಾಲು. ‘ಇವನ ಸ್ಥಾನದಲ್ಲಿ ಬೇರೊಬ್ಬನಿದ್ದರೆ ಇದು ನಡೆಯುತ್ತಿರಲಿಲ್ಲವೇ?’ ಎಂಬ ಒಂದು ಪ್ರಶ್ನೆಯನ್ನು ಕೇಳದೆ ಯಾರನ್ನೂ ದೂರಬಾರದು. ಹಿರಿಯರು ಆತ್ಮೌಪಮ್ಯವೆಂದು ಕರೆದದ್ದು ಬರಿಯ ಕನಿಕರವಲ್ಲ, ಅದೊಂದು ಪರೀಕ್ಷಾವಿಧಾನ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಅನುಭವಿಯಾದ ಮಿಸ್ತ್ರಿಯು ಸಪ್ಪಳ ಕೇಳಿದ ಮಾತ್ರಕ್ಕೆ ದೋಷ ಹೇಳುವನಲ್ಲ, ಮನೆಯ ಯಜಮಾನನಿಗೆ ಅನುಭವವಿಲ್ಲವೇ, ಪ್ರತಿಯೊಂದಕ್ಕೂ ಪರೀಕ್ಷೆ ಮಾಡುತ್ತ ಕುಳಿತರೆ ಸಂಸಾರ ಸಾಗೀತೇ ಎಂಬದು ಮೊದಲನೆಯದು. ಮಿಸ್ತ್ರಿಯ ಕಿವಿಯಲ್ಲಿ ಸಾವಿರ ಇಂಜಿನ್ನುಗಳ ಅನ್ವಯ ವ್ಯತಿರೇಕಗಳು ಅಡಗಿವೆ. ಅವನ ಊಹೆ ತಪ್ಪಿದಾಗ ಇಂಜಿನ್ನು ಅದೇ ಗಳಿಗೆಗೆ ತಪ್ಪೆಂದು ತೋರಿಸಿ ಅವನನ್ನು ತಿದ್ದಿದೆ. ಯಜಮಾನನ ಊಹೆ ತಪ್ಪಿದಾಗ ತಿದ್ದುವವರಾರು? ಮನೆಯ ಕಿರಿಯರು ಬಾಯಿ ತೆರೆಯರು. ತಿದ್ದಿಸಿಕೊಳ್ಳದ ಅನುಭವವು ಬರಿಯ ವಯಸ್ಸು. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯು ಹಿರಿಯರಿಗೇ ಹೆಚ್ಚಾಗಿ ಅನ್ವಯಿಸುವದು.

ಮನುಷ್ಯನು ಕಾಯಿಲಲ್ಲ, ಅವನನ್ನು ಕಳಚಿ ಬೇರೆಡೆ ಜೋಡಿಸಲಾಗದು ಎಂಬದು ಎರಡನೆಯ ಆಕ್ಷೇಪ. ಈ ಮಾತು ನಿಜ. ಆದರೆ ಅದು ಸಿದ್ಧಾಂತವನ್ನು ಕೆಡಿಸದೆ ಗಟ್ಟಿಗೊಳಿಸುವದು. ಒಳ್ಳೆಯ ಕಾಯಿಲನ್ನು ನೂರು ಸಲ ಶಂಕಿಸಿದರೂ ಅದು ಒಳ್ಳೆಯದಾಗಿಯೇ ಉಳಿಯುವದು. ನಷ್ಟವಾದರೆ ಕೆಲವು ಸಾವಿರ ರೂಪಾಯಿ. ನಿರ್ದೋಷಿಯಾದ ಹುಡುಗನನ್ನು ಹತ್ತು ಸಲ ಶಂಕಿಸಿದರೆ ಅವನು ಮೊದಲಿನ ಹುಡುಗನಾಗಿ ಉಳಿಯನು. ‘ಹೇಗಿದ್ದರೂ ದೊಡ್ಡಪ್ಪನು ನಂಬುವದಿಲ್ಲ’ ಎಂದು ತಿಳಿದ ಮೇಲೆ ಅವನು ನಿಜ ಹೇಳುವದನ್ನು ಬಿಡುವನು. ಮುಂದೆ ನಿಜವಾಗಿ ತಪ್ಪಿದಾಗ ಮುಚ್ಚಿಡುವನು. ಆಗ ಶಂಕಿಸಿದವನು ‘ನನ್ನ ಊಹೆಯೇ ಸರಿಯಾಯಿತು’ ಎಂದು ಹಿಗ್ಗುವನು. ತನ್ನ ಶಂಕೆಯೇ ಆ ದೋಷವನ್ನು ಹುಟ್ಟಿಸಿತೆಂಬದು ಅವನಿಗೆ ಕಾಣದು. ಜಡದಲ್ಲಿ ಪರೀಕ್ಷೆಯು ದೋಷವನ್ನು ಕಂಡುಹಿಡಿಯುವದು. ಚೇತನದಲ್ಲಿ ಅವಸರದ ತೀರ್ಪು ದೋಷವನ್ನು ಸೃಷ್ಟಿಸುವದು. ಆದಕಾರಣ ಇಂಜಿನ್ನಿಗೆ ಕೊಡುವ ತಾಳ್ಮೆಯಷ್ಟನ್ನಾದರೂ ಕೊಡದೆ ಮನುಷ್ಯನನ್ನು ದೂರುವದು ಅಧರ್ಮವು.

ತಾಳ್ಮೆಯೆಂದರೆ ಆಲಸ್ಯವೆಂದು ಯಾರೂ ತಿಳಿಯಲಾಗದು. ಫಲಕದ ದೀಪವು ಸ್ಥಿರವಾಗಿ ಹೊತ್ತಿದ್ದರೆ ಪರೀಕ್ಷೆಗೆ ವೇಳೆಯಿದೆ. ಮಿನುಗತೊಡಗಿದರೆ ಗಾಡಿಯನ್ನು ದೂರ ಓಡಿಸದೆ ನಿಲ್ಲಿಸಬೇಕು, ಏಕೆಂದರೆ ಒಂದು ಕಾಯಿಲಿನ ದೋಷವು ಅದರ ಹತ್ತು ಪಟ್ಟು ಬೆಲೆಯ ಶೋಧಕವನ್ನು ಕರಗಿಸೀತು. ಸಂಸಾರದಲ್ಲಿಯೂ ‘ನೋಡೋಣ’ ಎಂದು ಮುಂದೂಡಿದ ಸಂಶಯವು ಒಳಗೊಳಗೇ ಸುಡುವದು. ತೀರ್ಪಿನಲ್ಲಿ ಅವಸರವೂ ಪರೀಕ್ಷೆಯಲ್ಲಿ ಆಲಸ್ಯವೂ ಒಂದೇ ದುರ್ಗುಣದ ಎರಡು ಮುಖಗಳು. ಎರಡರಲ್ಲಿಯೂ ನೋಡುವ ಶ್ರಮವನ್ನು ತಪ್ಪಿಸಿಕೊಳ್ಳುವ ಬಯಕೆಯೇ ಇರುವದು.

ಪರೀಕ್ಷೆಯ ಕೊನೆಗೆ ಕೆಲವೊಮ್ಮೆ ದೋಷವು ನಿಜವಾಗಿ ವ್ಯಕ್ತಿಯಲ್ಲಿಯೇ ಇರಬಹುದು. ಆಗ ಅದನ್ನು ಹೇಳಲೇಬೇಕು, ಮುಚ್ಚುವದು ಕರುಣೆಯಲ್ಲ. ಆದರೆ ಪರೀಕ್ಷಿಸಿ ಹೇಳಿದ ಮಾತಿಗೂ ಸಂಶಯದಿಂದ ಎಸೆದ ಮಾತಿಗೂ ಕೇಳುವವನ ಎದೆಯಲ್ಲಿ ಅಜಗಜಾಂತರವಿದೆ. ಮೊದಲನೆಯದು ಅವನಿಗೆ ತಿದ್ದಿಕೊಳ್ಳುವ ಸ್ಥಳವನ್ನು ತೋರಿಸುವದು, ಎರಡನೆಯದು ತಪ್ಪಿಸಿಕೊಳ್ಳುವ ದಾರಿಯನ್ನು. ಪರೀಕ್ಷೆಯು ನಿರ್ದೋಷಿಯೆಂದು ತೋರಿಸಿದರೋ, ಯಾರ ಮುಂದೆ ದೂರಿದ್ದರೋ ಅವರ ಮುಂದೆಯೇ ಆ ಮಾತನ್ನು ಹಿಂದೆಗೆದುಕೊಳ್ಳುವದೂ ದೋಷನಿರ್ಣಯದ ಒಂದು ಅಂಗವು. ಕೆಟ್ಟ ಕಾಯಿಲಿಗೆ ಬದಲಾಗಿ ಹೊಸದು ಕೊಪ್ಪಳದ ಅಂಗಡಿಯಲ್ಲಿ ದೊರೆಯುವದು. ಮನೆಯ ಹುಡುಗನ ವಿಶ್ವಾಸ ಮುರಿದರೆ ಅದು ಯಾವ ಅಂಗಡಿಯಲ್ಲಿಯೂ ದೊರೆಯುವದಿಲ್ಲ.